ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರದಲ್ಲಿ ಮೆಮೊರಿ ಮತ್ತು ಪ್ರೊಸೆಸರ್ ಹೊಂದಾಣಿಕೆ

ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರಕ್ಕೆ ಹೆಚ್ಚಿನ ಮೆಮೊರಿಯನ್ನು (ರ‍್ಯಾಮ್) ಅಥವಾ ವೇಗವಾದ ಪ್ರೊಸೆಸರನ್ನು ಅಳವಡಿಸುವ ಮುನ್ನ, ಆ ಭಾಗಗಳು ಅದರ ಮದರ್‌ಬೋರ್ಡಿಗೆ ಸಲ್ಲುತ್ತವೆಯೇ ಎಂದು ಪರೀಕ್ಷಿಸುವುದನ್ನು ಹೊಂದಾಣಿಕೆಯ ಪರಿಶೀಲನೆ ಎನ್ನಲಾಗುತ್ತದೆ. ಸಾಕೆಟ್, ಚಿಪ್‌ಸೆಟ್, ಬಯೋಸ್ ಮತ್ತು ಮದರ್‌ಬೋರ್ಡ್ ಒದಗಿಸಬಲ್ಲ ವಿದ್ಯುತ್ತಿನ ಪ್ರಮಾಣ ಇದನ್ನು ನಿರ್ಧರಿಸುತ್ತವೆ.

ಮೆಮೊರಿಯ ಪೀಳಿಗೆಗಳು

ಡಿಡಿಆರ್ ಮಾದರಿಯ ಡೆಸ್ಕ್‌ಟಾಪ್ ಮೆಮೊರಿ ಪಟ್ಟಿಯಲ್ಲಿ 184 ಪಿನ್‌ಗಳೂ ಡಿಡಿಆರ್2 ಮತ್ತು ಡಿಡಿಆರ್3 ಪಟ್ಟಿಗಳಲ್ಲಿ 240 ಪಿನ್‌ಗಳೂ ಡಿಡಿಆರ್4 ಪಟ್ಟಿಯಲ್ಲಿ 288 ಪಿನ್‌ಗಳೂ ಇರುತ್ತವೆ. ಪಿನ್‌ಗಳ ಸಂಖ್ಯೆ ಒಂದೇ ಆಗಿದ್ದರೂ ಡಿಡಿಆರ್2 ಮತ್ತು ಡಿಡಿಆರ್3 ಪರಸ್ಪರ ಬದಲಿಯಾಗಲಾರವು. ಮೊದಲನೆಯದು 1.8 ವೋಲ್ಟ್‌ನಲ್ಲಿಯೂ ಎರಡನೆಯದು 1.5 ವೋಲ್ಟ್‌ನಲ್ಲಿಯೂ ಕೆಲಸ ಮಾಡುತ್ತವೆ. ತಪ್ಪು ಜೋಡಣೆಯನ್ನು ತಡೆಯಲೆಂದೇ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಸ್ಥಾನಗಳಲ್ಲಿ ಇಡಲಾಗಿದೆ. ಕಚ್ಚು ಕೂಡದಿದ್ದಾಗ ಒತ್ತಿ ಕೂರಿಸಿದರೆ ಪಟ್ಟಿಯೂ ಸ್ಲಾಟೂ ಹಾಳಾಗಬಹುದು.

ಒಂದೇ ಪೀಳಿಗೆಯ ಹೆಚ್ಚು ವೇಗದ ಪಟ್ಟಿಯು ಸಾಮಾನ್ಯವಾಗಿ ಮದರ್‌ಬೋರ್ಡಿನ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಗರಿಷ್ಠ ಪ್ರಮಾಣಕ್ಕೆ ಚಿಪ್‌ಸೆಟ್ ಮಿತಿಯನ್ನು ವಿಧಿಸುತ್ತದೆ: ಇಂಟೆಲ್ ಜಿ31ಗೆ 4 ಜಿಬಿ, ಜಿ41ಗೆ 8 ಜಿಬಿ. ಪಟ್ಟಿಯ ಮೇಲಿನ ಚಿಪ್‌ಗಳ ಸಾಂದ್ರತೆಯೂ ಮುಖ್ಯ. ಎಂಟೇ ಚಿಪ್‌ಗಳುಳ್ಳ 4 ಜಿಬಿ ಡಿಡಿಆರ್3 ಪಟ್ಟಿಯು ಜಿ41 ಮದರ್‌ಬೋರ್ಡಿನಲ್ಲಿ ಸರಿಯಾಗಿ ಕೆಲಸ ಮಾಡದು. ಹದಿನಾರು ಚಿಪ್‌ಗಳ ಪಟ್ಟಿ ಬೇಕಾಗುತ್ತದೆ. ಸರ್ವರ್‌ಗಳಿಂದ ತೆಗೆದು ಅಗ್ಗವಾಗಿ ಮಾರುವ ರಿಜಿಸ್ಟರ್ಡ್ ಮೆಮೊರಿಯು ಸಾಮಾನ್ಯ ಡೆಸ್ಕ್‌ಟಾಪ್‌ಗಳಿಗೆ ಹೊಂದುವುದಿಲ್ಲ. ವಿಂಡೋಸ್‌ನ ಸಾಮಾನ್ಯ 32 ಬಿಟ್ ಆವೃತ್ತಿಗಳು 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರವು.

ಸಾಕೆಟ್ ಮತ್ತು ಚಿಪ್‌ಸೆಟ್

ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತ ಮಾತ್ರಕ್ಕೆ ಅದು ಕೆಲಸ ಮಾಡುವುದೆಂದು ಹೇಳಲಾಗದು. 2004ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 775 ಸಾಕೆಟ್ ಇದಕ್ಕೆ ಉತ್ತಮ ನಿದರ್ಶನ. ಪೆಂಟಿಯಂ 4, ಪೆಂಟಿಯಂ ಡಿ, ಕೋರ್ 2 ಡ್ಯುಯೋ ಮತ್ತು ಕೋರ್ 2 ಕ್ವಾಡ್ ಪ್ರೊಸೆಸರ್‌ಗಳು ಇದೇ ಸಾಕೆಟ್‌ಗೆ ತಯಾರಾದವು. ಆದರೆ ಆರಂಭದ 915 ಚಿಪ್‌ಸೆಟ್ ಎರಡು ಕೋರ್‌ಗಳ ಪ್ರೊಸೆಸರ್‌ಗಳನ್ನು ಬೆಂಬಲಿಸುವುದಿಲ್ಲ. ಫ್ರಂಟ್ ಸೈಡ್ ಬಸ್ ವೇಗವೂ ಹೊಂದಬೇಕು. ಕೋರ್ 2 ಡ್ಯುಯೋ ಇ8400ಗೆ 1333 ಮೆಗಾಹರ್ಟ್ಸ್ ವೇಗದ ಬಸ್ ಅಗತ್ಯ. ಈ ಪ್ರೊಸೆಸರ್ 65 ವ್ಯಾಟ್ ವರ್ಗದ್ದಾದರೆ, ಕೋರ್ 2 ಕ್ವಾಡ್ ಕ್ಯೂ6600 ತನ್ನ ಆವೃತ್ತಿಗೆ ಅನುಸಾರವಾಗಿ 95 ಅಥವಾ 105 ವ್ಯಾಟ್ ವರ್ಗಕ್ಕೆ ಸೇರುತ್ತದೆ. ಅಷ್ಟು ಶಕ್ತಿಗೆ ಮದರ್‌ಬೋರ್ಡೂ ಶೀತಕ ಫ್ಯಾನೂ ಸಮರ್ಥವಾಗಿರಬೇಕು.

ಎಲ್‌ಜಿಎ 775 ವ್ಯವಸ್ಥೆಯಲ್ಲಿ ಮೆಮೊರಿ ನಿಯಂತ್ರಕವು ಚಿಪ್‌ಸೆಟ್‌ನಲ್ಲಿದೆ. ಎಎಮ್‌ಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ಕೋರ್ ಐ7ರಲ್ಲಿ ಅದನ್ನು ಪ್ರೊಸೆಸರ್‌ನೊಳಗೇ ಸೇರಿಸಿದವು. ಆದ್ದರಿಂದ ನಂತರದ ಯಂತ್ರಗಳಲ್ಲಿ ಮೆಮೊರಿಯ ಪೀಳಿಗೆಯನ್ನು ಪ್ರೊಸೆಸರ್‌ನೊಡನೆಯೂ ತಾಳೆ ನೋಡಬೇಕಾಗುತ್ತದೆ.

ಬಯೋಸ್ ನವೀಕರಣ

ಮದರ್‌ಬೋರ್ಡ್ ತಯಾರಾದ ಬಳಿಕ ಬಂದ ಪ್ರೊಸೆಸರನ್ನು ಗುರುತಿಸಲು ಬಯೋಸ್‌ನ ಹೊಸ ಆವೃತ್ತಿ ಬೇಕಾಗಬಹುದು. ಈ ನವೀಕರಣವನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ನವೀಕರಣದ ನಡುವೆ ವಿದ್ಯುತ್ ಕಡಿತವಾದರೆ ಯಂತ್ರವು ಮತ್ತೆ ಆರಂಭವಾಗದೆ ಉಳಿಯುವ ಅಪಾಯವಿರುವುದರಿಂದ ಯುಪಿಎಸ್ ಬಳಸುವುದು ಸೂಕ್ತ.

ಪರಿಶೀಲನೆಯ ಕ್ರಮ

ಮೊದಲು ಮದರ್‌ಬೋರ್ಡಿನ ಮೇಲೆ ಮುದ್ರಿತವಾದ ಮಾದರಿಯ ಹೆಸರನ್ನೂ ಆವೃತ್ತಿ ಸಂಖ್ಯೆಯನ್ನೂ ಗುರುತಿಸಿಕೊಳ್ಳಬೇಕು. ಪೆಟ್ಟಿಗೆಯನ್ನು ತೆರೆಯದೆಯೇ ವಿಂಡೋಸ್‌ನಲ್ಲಿ ಸಿಪಿಯು-ಝಡ್, ಲಿನಕ್ಸ್‌ನಲ್ಲಿ ಡಿಎಮ್‌ಐಡಿಕೋಡ್ ತಂತ್ರಾಂಶದಿಂದಲೂ ಇವನ್ನು ತಿಳಿಯಬಹುದು. ಅನಂತರ ತಯಾರಕರು ಪ್ರಕಟಿಸಿರುವ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿ, ಅದಕ್ಕೆ ಬೇಕಾದ ಬಯೋಸ್ ಆವೃತ್ತಿ ಮತ್ತು ಮೆಮೊರಿಯ ಗರಿಷ್ಠ ಮಿತಿಯನ್ನು ನೋಡಬೇಕು. ಪಟ್ಟಿಯಲ್ಲಿ ಸೂಕ್ತ ಪ್ರೊಸೆಸರ್ ಇಲ್ಲದಿದ್ದರೆ ಮದರ್‌ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಅದು ಬೇರೆ ಪೀಳಿಗೆಯ ಮೆಮೊರಿಯನ್ನು ಬಳಸುವುದಾದರೆ ಹಳೆಯ ಪಟ್ಟಿಗಳು ಉಪಯೋಗಕ್ಕೆ ಬರುವುದಿಲ್ಲ.