ಕಲಿಸುವವರನ್ನು ಆರಿಸುವವರು

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಗುಡಿಯನ್ನು ನೋಡಲು ಬಂದವರು ಕಂಬಗಳ ಹೊಳಪಿಗೆ ಬೆರಗಾಗಿ, ಪ್ರಾಕಾರದಲ್ಲಿ ನಿಂತಿರುವ ಶಾಸನಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿ ಹೊರಟುಹೋಗುವುದುಂಟು. ಆ ಕಲ್ಲುಗಳು ದೇವರ ವಿಷಯವನ್ನು ಮಾತ್ರ ಹೇಳುವುವಲ್ಲ. ಹರಿಹರವು ಆ ಕಾಲಕ್ಕೆ ಅಗ್ರಹಾರವಾಗಿದ್ದಿತು. ಅಗ್ರಹಾರವೆಂದರೆ ವಿದ್ಯೆಯನ್ನು ಕಲಿತವರು, ಕಲಿಸುವವರು ಒಂದು ಊರಾಗಿ ಬಾಳಿದ ಏರ್ಪಾಡು. ಅಲ್ಲಿ ಕಲಿಸುವವನನ್ನು ಯಾರು ಆರಿಸುತ್ತಿದ್ದರು, ಯಾವ ವಿದ್ಯೆಗೆ ಮೊದಲ ಮಣೆ ಸಲ್ಲುತ್ತಿದ್ದಿತು ಎಂಬ ಪ್ರಶ್ನೆಯನ್ನು ಈ ದಿನ ನಾವು ಎತ್ತಿಕೊಂಡಿದ್ದೇವೆ. ಹರಿಹರದಿಂದ ಕೆಲವೇ ಹರದಾರಿಗಳ ದೂರದಲ್ಲಿರುವ ದಾವಣಗೆರೆಯ ಕಾಲೇಜುಗಳಲ್ಲಿ ಇಂದಿಗೂ ಈ ಪ್ರಶ್ನೆ ಕೊನೆಗಂಡಿಲ್ಲವಾದುದರಿಂದ ಇದು ಬರಿಯ ಹಳೆಯ ಕಥೆಯಲ್ಲ.

ಅಗ್ರಹಾರದ ಆಡಳಿತವು ಮಹಾಜನರ ಕೈಯಲ್ಲಿದ್ದಿತು. ಅರಸನಾಗಲಿ ದಂಡನಾಯಕನಾಗಲಿ ಭೂಮಿಯನ್ನು ಧಾರೆಯೆರೆದು ಕೊಟ್ಟ ಮೇಲೆ, ಅದರ ಹುಟ್ಟುವಳಿಯನ್ನು ವೃತ್ತಿಗಳಾಗಿ ಹಂಚಿಕೊಂಡು, ಕೆರೆ ಕಟ್ಟೆಗಳನ್ನು ನೋಡಿಕೊಂಡು, ಧರ್ಮವನ್ನು ನಡಸಿಕೊಂಡು ಹೋಗುವ ಹೊಣೆ ಆ ಸಭೆಯದು. ತಮ್ಮೊಳಗೆ ಯಾರು ಸೇರಬೇಕೆಂಬುದರಲ್ಲಿ ಅವರು ಬಹಳ ಬಿಗಿಯಾಗಿದ್ದರು. ವೃತ್ತಿಯನ್ನು ಹೊರಗಿನವರಿಗೆ ಮಾರಬಾರದೆಂಬ ಕಟ್ಟಳೆ ಕೆಲವು ಶಾಸನಗಳಲ್ಲಿಯೇ ಉಂಟು. ಆದರೆ ಆ ಸಭೆಯ ಬಾಗಿಲು ಒಂದು ಜಾತಿಯವರಿಗೆ ಮಾತ್ರ ತೆರೆದಿದ್ದಿತೆಂಬುದನ್ನು ಮರೆತು ಅದರ ಸ್ವಾತಂತ್ರ್ಯವನ್ನು ಹೊಗಳುವುದು ನ್ಯಾಯವಲ್ಲ. ಅಧ್ಯಾಪಕರೇ ಅಧ್ಯಾಪಕರನ್ನು ಆರಿಸುವ ಪದ್ಧತಿಯಲ್ಲಿ ಇರುವ ಗುಣವೂ ದೋಷವೂ ಎರಡೂ ಅಲ್ಲಿಯೇ ಬೇರುಬಿಟ್ಟಿದ್ದುವು.

ಹೀಗೆಂದು ದಾನಿಗೆ ಮಾತೇ ಇರಲಿಲ್ಲವೆಂದಲ್ಲ. ಕಲಬುರಗಿಯ ಸೀಮೆಯ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಚಾಳುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಶಾಲೆಯೊಂದನ್ನು ಏರ್ಪಡಿಸಿದನು. ವೇದವನ್ನು ಓದುವವರು 200 ಮಂದಿ, ಶಾಸ್ತ್ರವನ್ನು ಓದುವವರು 52 ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಶಾಸ್ತ್ರದ ಮೂರು ಸ್ಥಾನಗಳಲ್ಲಿ ಒಂದು ಭಟ್ಟದರ್ಶನಕ್ಕೆ, ಇನ್ನೊಂದು ಪ್ರಾಭಾಕರಕ್ಕೆ ಮೀಸಲು. ಇವೆರಡೂ ಮೀಮಾಂಸೆಯ ಎರಡು ಮತಗಳು, ಒಂದನ್ನೊಂದು ಖಂಡಿಸುವುವು. ಇದ್ದ ಮೂರು ಸ್ಥಾನಗಳಲ್ಲಿ ಎರಡನ್ನು ಒಂದೇ ಶಾಸ್ತ್ರದ ಎದುರಾಳಿಗಳಿಗೆ ಕೊಟ್ಟವನು ಹಣವನ್ನು ಮಾತ್ರ ಕೊಟ್ಟವನಲ್ಲ. ಯಾವ ವಾದ ತನ್ನ ಶಾಲೆಯಲ್ಲಿ ನಡೆಯಬೇಕೆಂಬುದನ್ನು ಯೋಚಿಸಿದವನು. ವಿದ್ಯಾರ್ಥಿಗಳ ಸಂಖ್ಯೆಯನ್ನು ನೋಡಿದರೆ ವೇದಕ್ಕೆ ಇನ್ನೂ ಹೆಚ್ಚು ಉಪಾಧ್ಯಾಯರು ಬೇಕಾಗಿದ್ದರು. ತಲೆಗಳನ್ನು ಎಣಿಸಿ ಸ್ಥಾನಗಳನ್ನು ಹಂಚುವ ಲೆಕ್ಕ ಅಲ್ಲಿ ನಡೆಯಲಿಲ್ಲ. ಆರು ಜನ ಭಂಡಾರಿಗರ ಸಂಗತಿಯನ್ನಂತೂ ನಮ್ಮ ಕಾಲೇಜುಗಳ ಪುಸ್ತಕಭಂಡಾರಗಳನ್ನು ನೋಡಿದವರು ಹೊಟ್ಟೆಕಿಚ್ಚಿಲ್ಲದೆ ಓದಲಾರರು.

ಶಿಕಾರಿಪುರದ ಬಳಿಯ ತಾಳಗುಂದದ ಶಾಸನವೊಂದರಲ್ಲಿ ವೇದ, ವ್ಯಾಕರಣ, ವೇದಾಂತಗಳನ್ನು ಕಲಿಸುವವರ ಜೊತೆಗೆ ಕನ್ನಡವನ್ನು ಕಲಿಸುವವನಿಗೂ ಪಾಲುಂಟು. ಹಿರಿಯ ವಿದ್ಯೆಗಳ ಸಾಲಿನಲ್ಲಿ ಅವನದು ಮಕ್ಕಳಿಗೆ ಅಕ್ಷರ ತಿದ್ದಿಸುವವನ ಸ್ಥಾನ. ಆದರೂ ಪಟ್ಟಿಯಲ್ಲಿ ಅವನಿದ್ದನು.

ಈ ಕನ್ನಡದ ಅಧ್ಯಾಪಕನನ್ನೇ ಹಿಡಿದು ನಾವು ಹೊಸ ಕಾಲಕ್ಕೆ ಬರಬಹುದು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದಾಗ ನಾಡಿನ ಭಾಷೆಗೆ ಎಂ. ಎ. ತರಗತಿ ಇರಲಿಲ್ಲ. ಅದು ಬಂದುದು 1927ರಲ್ಲಿ, ಎಂದರೆ ಹನ್ನೊಂದು ವರ್ಷಗಳ ಬಳಿಕ. ಕನ್ನಡದ ಪಕ್ಷವನ್ನು ಹಿಡಿದು ಹೆಣಗಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರು. ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಪೀಠವನ್ನು ಗಟ್ಟಿಗೊಳಿಸಿದ ಟಿ. ಎಸ್. ವೆಂಕಣ್ಣಯ್ಯನವರು ಚಿತ್ರದುರ್ಗದ ಸೀಮೆಯ ತಳುಕಿನವರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಹರಿಹರವೂ ದಾವಣಗೆರೆಯೂ ಅದೇ ಜಿಲ್ಲೆಗೆ ಸೇರಿದ್ದುವು. ಒಂದು ವಿಷಯಕ್ಕೆ ಪೀಠ ದೊರೆಯಬೇಕಾದರೆ ಆ ವಿಷಯವನ್ನು ಬಲ್ಲವರು ಸಭೆಯಲ್ಲಿ ಮೊದಲೇ ಇರಬೇಕು. ಬಲ್ಲವರು ಸಭೆಗೆ ಬರಬೇಕಾದರೆ ಮೊದಲು ಪೀಠವಿರಬೇಕು. ಈ ಗಂಟನ್ನು ಹೊರಗಿನಿಂದ ಯಾರಾದರೂ ಬಿಡಿಸಬೇಕಾಗುತ್ತದೆ. ಕನ್ನಡಕ್ಕೆ ಆ ಕೆಲಸವನ್ನು ಇಂಗ್ಲಿಷಿನವರು ಮಾಡಿದರು. ಮನಶ್ಶಾಸ್ತ್ರಕ್ಕೆ ಉಪಕುಲಪತಿಗಳಾದ ಬ್ರಜೇಂದ್ರನಾಥ ಶೀಲರು ಮಾಡಿದರು: 1924ರಲ್ಲಿ ಆ ಶಾಖೆಯನ್ನು ಎಂ. ವಿ. ಗೋಪಾಲಸ್ವಾಮಿಗಳಿಗೆ ಒಪ್ಪಿಸಲಾಯಿತು. ಅದೇ ಗೋಪಾಲಸ್ವಾಮಿಗಳು 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದರು. ಒಬ್ಬ ಅಧ್ಯಾಪಕನ ನೇಮಕದಿಂದ ಏನೇನು ಹುಟ್ಟಬಹುದೆಂಬುದನ್ನು ಯಾವ ಸಮಿತಿಯೂ ಮುಂದಾಗಿ ಬರೆದಿಡಲಾರದು.

ಅದೇ ಕಾಲದಲ್ಲಿ ಇನ್ನೊಂದು ಮಾತೂ ಎದ್ದಿತು. 1918ರಲ್ಲಿ ಲೆಸ್ಲೀ ಮಿಲ್ಲರರ ಅಧ್ಯಕ್ಷತೆಯಲ್ಲಿ ನೇಮಿತವಾದ ಸಮಿತಿಯು ಸರ್ಕಾರದ ಉದ್ಯೋಗಗಳಲ್ಲಿ ಹಿಂದುಳಿದ ಸಮಾಜಗಳಿಗೆ ತಕ್ಕ ಪಾಲು ಸಲ್ಲಬೇಕೆಂದು ಸಲಹೆಮಾಡಿತು. ದಕ್ಷತೆ ಕುಂದುವುದೆಂದು ಹಲವರು ವಾದಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೂ ಅದು ಒಪ್ಪಿಗೆಯಾಗಲಿಲ್ಲ. ಹರಿಹರದ ಮಹಾಜನರ ಸಭೆಯನ್ನು ನೆನೆದರೆ ಮಿಲ್ಲರರ ಸಮಿತಿ ಏಕೆ ಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ. ತಮ್ಮವರನ್ನು ತಾವೇ ಆರಿಸಿಕೊಳ್ಳುವ ಸಭೆ, ಎಷ್ಟೇ ಪಂಡಿತರದಾಗಿರಲಿ, ತನ್ನ ಬಾಗಿಲನ್ನು ತಾನಾಗಿ ಅಗಲಮಾಡಿದ ಉದಾಹರಣೆ ವಿರಳ.

ಇನ್ನು ದಾವಣಗೆರೆ. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಕಾಲದಲ್ಲಿ ಈ ಕಡೆಯ ಹುಡುಗರು ಕಾಲೇಜಿನ ಓದಿಗೆ ಒಂದೋ ಬೆಂಗಳೂರು ಮೈಸೂರುಗಳಿಗೆ ಹೋಗಬೇಕು, ಇಲ್ಲವೆ ಹೊಳೆ ದಾಟಿ ಧಾರವಾಡಕ್ಕೆ. ಹತ್ತಿಯ ಗಿರಣಿಗಳಿಂದ ಹಣ ಕಂಡ ದಾವಣಗೆರೆಯ ವರ್ತಕರು ಈ ಕೊರತೆಯನ್ನು ತುಂಬಲು ಮುಂದೆ ಬಂದರು. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನಲ್ಲಿ ವಿಜ್ಞಾನದ ಕಾಲೇಜು ಆಯಿತು. 1951ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಹರಿಹರದಲ್ಲಿ 1941ರಲ್ಲಿಯೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಯಂತ್ರಗಳನ್ನು ಮಾಡತೊಡಗಿದ್ದಿತು. ಯಂತ್ರವನ್ನು ಬಲ್ಲವರ ಅಗತ್ಯ ಊರಿನವರ ಕಣ್ಣೆದುರಿಗೇ ಇದ್ದಿತು.

ದಾನಿಗಳು ಕೊಟ್ಟ ಹೆಸರು ಉಳಿಯಿತು. ಒಡೆತನ ಮಾತ್ರ ಕೈಯಿಂದ ಕೈಗೆ ಹೋಯಿತು. ಆ ಎಂಜಿನಿಯರಿಂಗ್ ಕಾಲೇಜು ವಿಶ್ವವಿದ್ಯಾನಿಲಯದ ಕಾಲೇಜೆನಿಸಿಕೊಂಡು ಮೊದಲು ಮೈಸೂರಿಗೆ, ಬಳಿಕ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ, 2009ರಲ್ಲಿ ದಾವಣಗೆರೆಯಲ್ಲಿಯೇ ವಿಶ್ವವಿದ್ಯಾನಿಲಯವಾದಾಗ ಅದಕ್ಕೆ, ಕೊನೆಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಇದು ಬರಿಯ ಫಲಕ ಬದಲಾಯಿಸುವ ಮಾತಲ್ಲ. ಯಜಮಾನ ಬದಲಾದಾಗಲೆಲ್ಲ ಅಧ್ಯಾಪಕರ ಜ್ಯೇಷ್ಠತೆಯ ಪಟ್ಟಿ, ಬಡ್ತಿಯ ಕ್ರಮ, ತೆರವಾದ ಸ್ಥಾನವನ್ನು ತುಂಬುವ ಅಧಿಕಾರ ಇವೆಲ್ಲ ಬೇರೊಂದು ಊರಿನ ಕಡತಗಳಿಗೆ ವರ್ಗವಾಗುತ್ತವೆ. ಪಾಠ ಹೇಳುವವರು ದಾವಣಗೆರೆಯಲ್ಲಿ. ಅವರ ಬಳಿಗೆ ಹೊಸಬನೊಬ್ಬನನ್ನು ಕಳುಹಬೇಕೆ ಬೇಡವೆ ಎಂದು ತೀರ್ಮಾನಿಸುವವರು ಬೇರೆಡೆ.

ಈಗ ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕನನ್ನು ಆರಿಸುವ ಸಮಿತಿ ಹೇಗಿರಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಹೇಳುತ್ತದೆ: ಕುಲಪತಿಗಳು, ಕುಲಾಧಿಪತಿಗಳ ಕಡೆಯ ವಿದ್ವಾಂಸರೊಬ್ಬರು, ಹೊರಗಿನ ಮೂವರು ತಜ್ಞರು, ನಿಕಾಯದ ಡೀನರು, ಶಾಖೆಯ ಮುಖ್ಯಸ್ಥರು, ಪರಿಶಿಷ್ಟರು ಹಿಂದುಳಿದವರು ಮಹಿಳೆಯರು ಮೊದಲಾದವರ ಪರವಾಗಿ ಒಬ್ಬರು. ಶಾಖೆಯ ಒಳಗಿನವರೆಂದರೆ ಡೀನರೂ ಮುಖ್ಯಸ್ಥರೂ ಇಬ್ಬರೇ. ಮಹಾಜನರ ಸಭೆಯ ದೋಷವನ್ನು ಬಲ್ಲ ನಾವು ಹೊರಗಿನ ತಜ್ಞರನ್ನು ಬೇಡವೆನ್ನಲಾರೆವು. ಸಾಮಾಜಿಕ ನ್ಯಾಯದ ಕಣ್ಣೊಂದು ಅಲ್ಲಿರುವುದಂತೂ ಅವಶ್ಯವೇ ಸರಿ. ನಮ್ಮ ಆಕ್ಷೇಪ ಬೇರೆ. ಸಮಿತಿ ಸೇರುವ ಮೊದಲೇ ಮುಖ್ಯವಾದ ತೀರ್ಮಾನ ಆಗಿಹೋಗಿರುತ್ತದೆ. ಯಾವ ವಿಷಯಕ್ಕೆ ಸ್ಥಾನವನ್ನು ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಸರ್ಕಾರದ ಆರ್ಥಿಕ ಇಲಾಖೆಯ ಒಪ್ಪಿಗೆಯ ಮೇಲೆ ನಿಂತಿದೆ. ನಾಗಾವಿಯ ದಂಡನಾಯಕನೂ ಹಣದ ಲೆಕ್ಕವನ್ನು ಬಲ್ಲವನೇ. ಆದರೆ ಅವನು ಭಟ್ಟದರ್ಶನವೆಂದೂ ಪ್ರಾಭಾಕರವೆಂದೂ ಹೆಸರಿಟ್ಟು ಕೊಟ್ಟನು, ಕಾಲಕಾಲಕ್ಕೂ ನಡೆಯಲೆಂದು ಕಲ್ಲಿನ ಮೇಲೆ ಕೊಟ್ಟನು.

ತುಂಬದೆ ಉಳಿದ ಸ್ಥಾನಗಳ ಕೆಲಸವನ್ನು ಮಾಡುತ್ತಿರುವವರು ಅತಿಥಿ ಉಪನ್ಯಾಸಕರು. ನಾಡಿನ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿಯೇ ಇವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. 2023ರ ಕೊನೆಯಲ್ಲಿ ಇವರು ಪಾಠವನ್ನು ನಿಲ್ಲಿಸಿ, ಸೇವೆಯನ್ನು ಖಾಯಂ ಮಾಡಬೇಕೆಂದು ಬೀದಿಗೆ ಇಳಿದರು. 2024ರ ಆರಂಭದಲ್ಲಿ ಸರ್ಕಾರ ಗೌರವಧನವನ್ನು ಏರಿಸಿತು, ಖಾಯಂ ಮಾಡಲಿಲ್ಲ. ಅಗ್ರಹಾರದಲ್ಲಿ ವೃತ್ತಿಯುಳ್ಳವನು ಸಭೆಯಲ್ಲಿ ಕುಳಿತು ಮಾತಾಡುತ್ತಿದ್ದನು. ಈ ಅತಿಥಿಗಳು ಪಾಠ ಹೇಳುತ್ತಾರೆ, ಉತ್ತರಪತ್ರಿಕೆಗಳನ್ನು ತಿದ್ದುತ್ತಾರೆ. ಮುಂದಿನ ವರ್ಷ ಯಾವ ವಿಷಯಕ್ಕೆ ಯಾರು ಬೇಕೆಂದು ಯೋಚಿಸುವ ಸಭೆಯಲ್ಲಿ ಅವರಿಗೆ ಆಸನವಿಲ್ಲ.