ಪ್ಯಾಕೆಟ್ ರೇಟ್ ಬಿಡಿ, ಕೆಜಿಗೆ ಎಷ್ಟು ಬಿತ್ತು ನೋಡಿ

ಕಳೆದ ತಿಂಗಳು ಅಮ್ಮನ ಜೊತೆ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಸೂರ್ಯಕಾಂತಿ ಎಣ್ಣೆಯ ಎರಡು ಪ್ಯಾಕೆಟ್ ಪಕ್ಕಪಕ್ಕ ಇದ್ದವು. ಒಂದಕ್ಕೆ 144 ರೂಪಾಯಿ, ಇನ್ನೊಂದಕ್ಕೆ 136. ಎಂಟು ರೂಪಾಯಿ ಉಳಿಯಿತು ಅಂತ ಎರಡನೆಯದನ್ನು ಬುಟ್ಟಿಗೆ ಹಾಕಿದೆ. ಅಮ್ಮ ತಿರುಗಿಸಿ ನೋಡಿ, "ಇದರಲ್ಲಿ ಎಣ್ಣೆನೂ ಕಮ್ಮಿ ಇದೆಯಲ್ಲೋ" ಅಂದರು.

ಹೌದು. ಮೊದಲನೆಯದರಲ್ಲಿ ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ. ಎರಡನೆಯದರಲ್ಲಿ 850 ಗ್ರಾಂ. ಕೆಜಿ ಲೆಕ್ಕದಲ್ಲಿ ಮೊದಲನೆಯದು 158 ರೂಪಾಯಿ, ನಾನು "ಉಳಿಸಿದ್ದು" 160. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಒಂದು ಭಾಗಾಕಾರ ಹೊಳೆಯಲಿಲ್ಲ!

ಸಂತೆಯಲ್ಲಿ ನಾವು ಹೀಗೆ ಮೋಸ ಹೋಗುವುದಿಲ್ಲ. ಅಲ್ಲಿ ಮೊದಲ ಪ್ರಶ್ನೆಯೇ "ಕೆಜಿಗೆ ಎಷ್ಟು?" ಅಂತ. ಹಿಂದಿನವರು "ಸೇರಿಗೆ ಎಷ್ಟು?" ಅಂತಿದ್ದರು. ಸಾಮಾನು ಪ್ಯಾಕೆಟ್ ಒಳಗೆ ಹೋದ ಕೂಡಲೇ ಆ ಪ್ರಶ್ನೆ ಮರೆತುಬಿಡುತ್ತೇವೆ.

ಕಾನೂನು ಏನು ಹೇಳುತ್ತೆ?

ಮೊದಲು ಎಣ್ಣೆ, ಟೀ, ಬಿಸ್ಕತ್ತು, ಬೇಳೆಯಂಥ ವಸ್ತುಗಳನ್ನು ಸರ್ಕಾರ ನಿಗದಿ ಮಾಡಿದ ಅಳತೆಗಳಲ್ಲೇ ಪ್ಯಾಕ್ ಮಾಡಬೇಕಿತ್ತು. 2011ರ ಕಾನೂನು ಮಾಪನಶಾಸ್ತ್ರ ಪ್ಯಾಕೇಜ್ ವಸ್ತುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಈಗ 850 ಗ್ರಾಂ, 750 ಗ್ರಾಂ ಏನು ಬೇಕಾದರೂ ಮಾರಬಹುದು. ಬದಲಿಗೆ ಎಂಆರ್‌ಪಿ ಜೊತೆ ಯೂನಿಟ್ ಬೆಲೆಯನ್ನೂ ಮುದ್ರಿಸಬೇಕು. ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ "ಯುಎಸ್‌ಪಿ" ಅಂತ ಇರುವುದು ಅದೇ.

ಆದರೆ ಮೂರು ಕಡೆ ಎಡವುತ್ತೇವೆ

ಒಂದು, ಘಟಕ ಬದಲಾಗುತ್ತೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಬೆಲೆ ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕೆಜಿ ಲೆಕ್ಕದಲ್ಲಿ. ಲೀಟರ್ ಮತ್ತು ಮಿಲಿ ಲೀಟರ್‌ಗೂ ಹೀಗೇ. ಗ್ರಾಂ ಬೆಲೆಯನ್ನು 1000ದಿಂದ ಗುಣಿಸಿದ ಮೇಲೆಯೇ ಹೋಲಿಸಬೇಕು.

ಎರಡು, ಪೈಸೆ ನುಂಗಿಹೋಗುತ್ತೆ. ಯೂನಿಟ್ ಬೆಲೆಯನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸುತ್ತಾರೆ. ಅರ್ಧ ಕೆಜಿ ಬೇಳೆಗೆ 98 ರೂಪಾಯಿ ಇದ್ದರೂ, 102 ಇದ್ದರೂ ಪ್ಯಾಕೆಟ್ ಮೇಲೆ ಬರುವುದು ಗ್ರಾಂಗೆ 0.20 ರೂಪಾಯಿಯೇ. ನಿಜವಾದ ವ್ಯತ್ಯಾಸ ಕೆಜಿಗೆ 8 ರೂಪಾಯಿ!

ಮೂರು, ಮುದ್ರಿಸಿದ ಲೆಕ್ಕ ಎಂಆರ್‌ಪಿ ಮೇಲಿನದು. ಅಂಗಡಿಯವರು ಕೊಡುವ ರಿಯಾಯಿತಿ, "ಎರಡು ಕೊಂಡರೆ ಒಂದು ಫ್ರೀ" ಇವೆಲ್ಲ ಅದರಲ್ಲಿ ಸೇರಿರಲ್ಲ.

ಹಾಗಾಗಿ ನಾನು ಬಾಯಿಲೆಕ್ಕಕ್ಕೆ ಮರಳಿದ್ದೇನೆ. ನೀವು ನಿಜವಾಗಿ ಕೊಡುವ ದುಡ್ಡನ್ನು ತೆಗೆದುಕೊಳ್ಳಿ. 500 ಗ್ರಾಂ ಇದ್ದರೆ ಎರಡರಿಂದ ಗುಣಿಸಿ, 250 ಇದ್ದರೆ ನಾಲ್ಕರಿಂದ, 200 ಇದ್ದರೆ ಐದರಿಂದ. 850ರಂಥ ಅಡ್ಡಾದಿಡ್ಡಿ ಅಳತೆಗೆ ಮೊಬೈಲ್ ತೆಗೆಯಿರಿ: ಬೆಲೆಯನ್ನು ಗ್ರಾಂನಿಂದ ಭಾಗಿಸಿ, 1000ದಿಂದ ಗುಣಿಸಿ. ಎಣ್ಣೆಯಲ್ಲಿ ಒಂದರ ಮೇಲೆ ಲೀಟರ್, ಇನ್ನೊಂದರ ಮೇಲೆ ಗ್ರಾಂ ಕಂಡರೆ ಎರಡನ್ನೂ ಗ್ರಾಂಗೆ ತನ್ನಿ.

ದೊಡ್ಡದು ಯಾವಾಗಲೂ ಅಗ್ಗವಲ್ಲ

ಶಾಂಪೂ ನೋಡಿ. ಎಷ್ಟೋ ಸಲ ಸಣ್ಣ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತೆ. ಐದು ಕೆಜಿ ಬೇಳೆ ತಂದು ಮಳೆಗಾಲದಲ್ಲಿ ಒಂದು ಕೆಜಿ ಹುಳು ಹಿಡಿದರೆ, ನೀವು ಐದು ಕೆಜಿಯ ದುಡ್ಡು ಕೊಟ್ಟು ನಾಲ್ಕು ಕೆಜಿ ತಿಂದಿರಿ. ಬಳಸಿದ್ದಕ್ಕೆ ಮಾತ್ರ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಚುಚ್ಚುತ್ತೆ. ದಿನಗೂಲಿ ತಗೊಂಡು ಸಂಜೆ 100 ಗ್ರಾಂ ಎಣ್ಣೆ ಕೊಳ್ಳುವವರಿಗೆ ಲೆಕ್ಕ ಬರಲ್ಲ ಅಂತಲ್ಲ. ಒಂದು ಲೀಟರ್‌ನ ದುಡ್ಡು ಒಟ್ಟಿಗೆ ಕೈಯಲ್ಲಿ ಇರಲ್ಲ, ಅಷ್ಟೇ. ಆಯ್ಕೆಯೇ ಇಲ್ಲದವರಿಗೆ ಯೂನಿಟ್ ಬೆಲೆ ಬರೀ ಮಾಹಿತಿ. ಅವರ ಕೈಗೆ ಸಿಗುವ ಪ್ಯಾಕೆಟ್ ಅಳತೆ ಸದ್ದಿಲ್ಲದೆ ಕರಗಿದರೆ ಮೊದಲ ಪೆಟ್ಟು ಅವರಿಗೇ. ಅದಕ್ಕೇ ಆ ಸಣ್ಣ ಅಕ್ಷರ ದೊಡ್ಡದಾಗಬೇಕು, ಎಲ್ಲ ಪ್ಯಾಕೆಟ್‌ಗೂ ಕೆಜಿ ಲೆಕ್ಕ ಒಂದೇ ಇರಬೇಕು ಅನ್ನುವುದು ನನ್ನ ವಾದ.

ಯೂನಿಟ್ ಬೆಲೆ ಹಾಕಲೇಬೇಕಾದ ಪ್ಯಾಕೆಟ್ ಮೇಲೆ ಅದು ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಮ್ಮನಂತೂ ಈಗ ಪ್ರತಿ ಪ್ಯಾಕೆಟ್ ತಿರುಗಿಸಿ ನನ್ನ ಮುಖ ನೋಡ್ತಾರೆ: "ಕೆಜಿಗೆ ಎಷ್ಟು ಬಿತ್ತಪ್ಪಾ, ಎಂಜಿನಿಯರ್?"