ಹಂಡೆ ಹೋಯ್ತು, ಹಕ್ಕಳೆ ಉಳೀತು

ಹೋದ ದೀಪಾವಳಿಗೆ ನಮ್ಮಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮ, ಹಂಡೇನೇ ಇಲ್ಲದ ಮನೇಲಿ ನೀರು ತುಂಬೋ ಹಬ್ಬ ಹೆಂಗೆ ಮಾಡೋದು?" ಅಂದ್ಳು. ಹೊಸದಾಗಿ ಮದುವೆಯಾಗಿ ಹಾಸನದಲ್ಲಿ ಬಾಡಿಗೆ ಮನೆ ಮಾಡಿದಾಳೆ. ಬಚ್ಚಲಲ್ಲಿ ಒಂದು ಗ್ಯಾಸ್ ಗೀಸರ್, ಎರಡು ಪ್ಲಾಸ್ಟಿಕ್ ಬಕೀಟು, ಅಷ್ಟೇ. "ಬಕೀಟಿಗೇ ಅರಿಶಿನ ಕುಂಕುಮ ಇಡು ಮಗಳೇ" ಅಂತ ಹೇಳಿ ಫೋನ್ ಇಟ್ಟೆ. ಆದ್ರೆ ಅವಳ ಮಾತು ತಲೇಲಿ ಕೊರೀತಾನೇ ಇತ್ತು. ಸರಿಯಾದ ಉತ್ತರ ಕೊಡ್ಬೇಕು ಅಂದ್ರೆ ನಮ್ಮ ಮನೆಗಳಲ್ಲಿ ಬಿಸಿನೀರು ಹೆಂಗೆ ಹೆಂಗೆ ಬದಲಾಯ್ತು ಅನ್ನೋದನ್ನೇ ಹೇಳ್ಬೇಕು. ಅದಕ್ಕೇ ಇವತ್ತು ಕೂತು ಬರೀತಿದೀನಿ.

ನಮ್ಮ ಬಳಗ ನಾಲ್ಕು ಊರಲ್ಲಿ ಹರಡಿದೆ. ನಾನು ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆ ಒಂದು ಹಳ್ಳೀಲಿ. ಅಕ್ಕನ್ನ ಕೊಟ್ಟಿದ್ದು ಹೊಳೆನರಸೀಪುರಕ್ಕೆ. ನಮ್ಮಪ್ಪನ ತಂಗಿ ಮನೆ ಅರಕಲಗೂಡು, ಅವರನ್ನ ನಾವು ಅರಕಲಗೂಡತ್ತೆ ಅಂತಲೇ ಕರೆಯೋದು. ನಾನು ಸೇರಿದ್ದು ಹಾಸನ. ಜಿಲ್ಲೆ ಒಂದೇ ಆದ್ರೂ ನೀರು ಬೇರೆ ಬೇರೆ. ಮದುವೆ ಮಾತುಕತೆ ಬಂದಾಗ ಗಂಡಸರು ಗಂಡಿನ ಮನೆಗೆ ಜಮೀನೆಷ್ಟು ಅಂತ ಕೇಳಿದ್ರೆ, ನಮ್ಮಜ್ಜಿ ಕೇಳ್ತಿದ್ದಿದ್ದು ಒಂದೇ: "ಆ ಊರ ನೀರಲ್ಲಿ ಬೇಳೆ ಬೇಯ್ತದಾ?"

ಬೇಳೆ ಬೇಯದ ನೀರಿಗೆ ಪುಸ್ತಕದಲ್ಲಿ ಗಡಸು ನೀರು ಅಂತಾರೆ. ನೆಲದೊಳಗೆ ಬಹಳ ದಿನ ನಿಂತ ನೀರು ಕಲ್ಲಿನ ಜೊತೆ ಇದ್ದು ಇದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನೋ ಲವಣಗಳನ್ನ ಕರಗಿಸ್ಕೊಂಡಿರ್ತದೆ. ಮೂಡಿಗೆರೆ ಸೀಮೇಲಿ ಹುಟ್ಟಿ ಮಲೆನಾಡ ಮಳೆ ಹೊತ್ಕೊಂಡು ಓಡಿ ಬರೋ ಹೇಮಾವತಿಗೆ ಅಷ್ಟೊಂದು ಕಲ್ಲು ಕರಗಿಸೋ ಪುರುಸೊತ್ತೇ ಇರಲ್ಲ. ಅದಕ್ಕೇ ಹೊಳೆನರಸೀಪುರದ ಅಕ್ಕನ ಮನೇಲಿ ಸೋಪು ಮುಟ್ಟಿದ್ರೆ ನೊರೆ. ಚನ್ನರಾಯಪಟ್ಟಣದ ಕಡೆ ಬಯಲು ಸೀಮೆ, ಮಳೆ ಕಮ್ಮಿ. ನಮ್ಮೂರಲ್ಲಿ ಕುಡಿಯೋಕೊಂದು ಸಿಹಿನೀರು ಬಾವಿ, ಬಳಸೋಕೊಂದು ಉಪ್ಪುನೀರು ಬಾವಿ. ಸಿಹಿನೀರಿಗೆ ಅರ್ಧ ಮೈಲಿ ನಡೀಬೇಕಿತ್ತು. ಅರಕಲಗೂಡತ್ತೆ ಮನೇಲಿ ಮಳೆಗಾಲದಾಗೆ ಹೆಂಚಿನ ಸೂರಿನ ನೀರಿಗೆ ಕೊಳಗ ಇಡ್ತಿದ್ರು. ಮೊದಲ ಮಳೆ ನೀರು ಚೆಲ್ಲಿ, ಆಮೇಲಿಂದ ಬೇಳೆಗೂ ತಲೆಸ್ನಾನಕ್ಕೂ ಅದೇ.

ತಲೆಗೆ ಸೀಗೆಕಾಯಿ ಯಾಕೆ ಅಷ್ಟು ಕಾಲ ಬಾಳಿಕೆ ಬಂತು ಅನ್ನೋದೂ ಇದರಲ್ಲೇ ಅದೆ. ಸೋಪು ಗಡಸು ನೀರಿಗೆ ಬಿದ್ರೆ ಹಾಲು ಒಡೆದ ಹಂಗೆ ಚರಟ ಕಟ್ತದೆ, ಕೂದಲು ಅಂಟಂಟು ಆಗ್ತದೆ. ಸೀಗೆಕಾಯಿಗೆ ಆ ಕಾಟ ಇಲ್ಲ. ಬೆಂಗಳೂರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾಯ್ತು, ಮೈಸೂರು ಸ್ಯಾಂಡಲ್ ನಮ್ಮ ಮನೆಗಳಿಗೂ ಬಂತು. ಆದ್ರೂ ಉಪ್ಪುನೀರಿನ ಊರಲ್ಲಿ ಸೋಪು ನೆಂಟರು ಬಂದಾಗ ಮಾತ್ರ ಹೊರಗೆ ಬರ್ತಿತ್ತು.

ಈಗ ಹಂಡೆ ವಿಷ್ಯ. ನಮ್ಮ ಹಳೇ ಮನೇಲಿ ಬಚ್ಚಲುಮನೆ ಹಿತ್ತಿಲ ಕಡೆ. ಹಂಡೆ ಒಳಗಡೆ ಕಟ್ಟೇಲಿ ಕೂತಿರ್ತಿತ್ತು, ಒಲೆ ಬಾಯಿ ಮಾತ್ರ ಗೋಡೆ ಆಚೆ. ಸೌದೆ ತುರುಕೋದು ಹಿತ್ತಿಲಿಂದ. ಚನ್ನರಾಯಪಟ್ಟಣ ತೆಂಗಿನ ಸೀಮೆ ಅಲ್ವಾ, ಒಣಗಿದ ಗರಿ, ಮಟ್ಟೆ, ಕರಟ, ಏನು ಸಿಕ್ಕಿದ್ರೆ ಅದು. ಆ ಕಾಲ ಬಹಳ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ನಮ್ಮವ್ವ ನಾಲ್ಕೂವರೆಗೆ ಎದ್ದು ಒಲೆ ಹತ್ತಿಸ್ಬೇಕಿತ್ತು. ಮಳೆಗಾಲದಾಗೆ ಹಸಿ ಗರಿ ಊದಿ ಊದಿ ಕಣ್ಣು ಕೆಂಡ ಆಗ್ತಿತ್ತು. ಬಿಸಿನೀರಿನ ಸ್ನಾನ ಗಂಡಸರಿಗೆ ಮೊದಲು, ಮಕ್ಕಳಿಗೆ ಆಮೇಲೆ. ಅವ್ವನ ಸರದಿ ಬರೋಹೊತ್ತಿಗೆ ಹಂಡೆ ತಳದಲ್ಲಿ ಎರಡು ಚೆಂಬು ಉಗುರುಬೆಚ್ಚಗೆ ಇದ್ರೆ ಪುಣ್ಯ.

ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬೋ ಹಬ್ಬ. ಅವತ್ತು ಹಂಡೇನ ಕಟ್ಟೆಯಿಂದ ಇಳಿಸಿ ಹಿತ್ತಿಲಿಗೆ ಉರುಳಿಸ್ಕೊಂಡು ಬರೋರು. ಹೊರಗಿನ ಮಸಿ ಎಲ್ಲಾರ ಕಣ್ಣಿಗೂ ಕಾಣ್ತದೆ. ಆದ್ರೆ ಅಜ್ಜಿಯ ಕೆಲಸ ಇದ್ದಿದ್ದು ಒಳಗಡೆ. ತಳದಲ್ಲಿ ಬೆರಳ ದಪ್ಪ ಬಿಳೀ ಹಕ್ಕಳೆ ಕಟ್ಟಿರ್ತಿತ್ತು. ಹುಣಸೆಹಣ್ಣು ಕಿವುಚಿ ಬಳಿದು ಹಂಗೇ ಬಿಡೋರು, ಆಮೇಲೆ ಕರಟದ ಚೂರಲ್ಲಿ ಕೆರೆಯೋರು. ಹಕ್ಕಳೆ ಪದರ ಪದರವಾಗಿ ಏಳ್ತಿತ್ತು. ಅದಾದ ಮೇಲೆ ಹೊರಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಹೂವು, ಹೊಸ ನೀರು. ಮಾರನೇ ದಿನ ಬೆಳಗಿನ ಜಾವ ಎಣ್ಣೆನೀರು. "ಇವತ್ತು ನೋಡು, ಅರ್ಧ ಹೊರೆ ಸೌದೇಲೇ ಕಾದೋಯ್ತು" ಅಂತ ಅಜ್ಜಿ ಪ್ರತೀ ವರ್ಷ ಅನ್ನೋರು. ಹಬ್ಬದ ಮಹಿಮೆ ಇರ್ಬೇಕು ಅಂತ ನಾನು ತಿಳ್ಕೊಂಡಿದ್ದೆ. ಈಗ ಗೊತ್ತಾಗ್ತದೆ: ಹಕ್ಕಳೆ ಶಾಖಾನ ತಡೀತದೆ. ಅದು ಹೋದ್ರೆ ನೀರು ಬೇಗ ಕಾಯ್ತದೆ.

ಒಲೆ ಬದಲಾಗೋಕೆ ಮೊದಲೇ ನಮ್ಮಲ್ಲಿ ನೀರು ಬದಲಾಯ್ತು. ಗೊರೂರಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು. ಆ ಹಿನ್ನೀರಲ್ಲಿ ಊರುಗಳೇ ಮುಳುಗಿದ್ವು. ಶೆಟ್ಟಿಹಳ್ಳಿ ಚರ್ಚು ಈಗ್ಲೂ ಮಳೆಗಾಲದಾಗೆ ನೀರಲ್ಲಿ ನಿಂತಿರ್ತದೆ, ನೀವೆಲ್ಲಾ ನೋಡಿದೀರಿ. ಅವರು ಮನೆ ಬಿಟ್ಟುಕೊಟ್ಟ ಜಾಗದಲ್ಲಿ ನಿಂತ ನೀರೇ ಹಾಸನದ ನಲ್ಲೀಲಿ ನಮಗೆ ಬರೋದು. ಹೊಳೆ ಹತ್ತಿರ ಇಲ್ಲದ ಹಳ್ಳಿಗಳಿಗೆ ಬಂದಿದ್ದು ಬೋರ್‌ವೆಲ್. 1983ರ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿ ಹಳ್ಳಿ ಹಳ್ಳಿಗೂ ಬೋರು ಕೊರೆಸಿದ್ರು, ಜನ ಅವರನ್ನ ನೀರ್ ಸಾಬ್ ಅಂತ್ಲೇ ಕರೆದ್ರು. ನಮ್ಮವ್ವ ಅರ್ಧ ಮೈಲಿ ಕೊಡ ಹೊರೋದು ನಿಂತಿದ್ದೇ ಬೀದಿ ಬೋರಿಗೆ ಕೈಪಂಪು ಬಂದಾಗ. ಆ ಉಪಕಾರ ಮರೆಯೋ ಹಂಗಿಲ್ಲ. ಆದ್ರೆ ಆಮೇಲೆ ಮನೆಮನೆಗೂ, ತೋಟತೋಟಕ್ಕೂ ಬೋರು ಆಗಿ, ಆಳ ಆಳಕ್ಕೆ ಇಳಿದಂಗೆಲ್ಲಾ ನಮ್ಮೂರ ನೀರು ಇನ್ನೂ ಗಡಸಾಯ್ತು. ಹಂಡೆಯ ಹಕ್ಕಳೆ ಬೆರಳಿಂದ ಹೆಬ್ಬೆರಳಿಗೆ ಬಂತು.

ಇನ್ನು ಗೀಸರ್. ಈ ಹೆಸರು ಎಲ್ಲಿಂದ ಬಂತು ಗೊತ್ತಾ? ಐಸ್‌ಲ್ಯಾಂಡ್ ದೇಶದಲ್ಲಿ ಗೇಸಿರ್ ಅಂತ ಒಂದು ಬಿಸಿನೀರ ಬುಗ್ಗೆ ಅದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಅನ್ನೋರು ಗ್ಯಾಸ್ ಉರೀಲಿ ಆಗಿಂದಾಗಲೇ ನೀರು ಕಾಯಿಸೋ ಯಂತ್ರ ಮಾಡಿ ಆ ಬುಗ್ಗೆಯ ಹೆಸರು ಇಟ್ರು. ಅದಕ್ಕೆ ಹೊಗೆ ಆಚೆ ಹೋಗೋ ಕೊಳವೆಯೇ ಇರಲಿಲ್ಲ, ಗ್ಯಾಸ್ ಸುಟ್ಟ ಗಾಳಿ ಬಚ್ಚಲಲ್ಲೇ ಉಳೀತಿತ್ತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ. ಇನ್ನೊಂದು ಏನಂದ್ರೆ ಆ ಐಸ್‌ಲ್ಯಾಂಡ್ ಬುಗ್ಗೆ ಬಾಯಿ ಸುತ್ತಲೂ ನೀರಲ್ಲಿ ಬಂದ ಖನಿಜ ಕಲ್ಲಾಗಿ ಪದರ ಕಟ್ಟಿದೆಯಂತೆ. ಅಲ್ಲೂ ಹಕ್ಕಳೆಯೇ ನೋಡಿ!

ಹಾಸನದ ನಮ್ಮ ಮನೇಲಿ ಮೊದಲು ತಾಮ್ರದ ಬಾಯ್ಲರ್ ಇತ್ತು, ಆಮೇಲೆ ಬಕೀಟಿಗೆ ಹಾಕೋ ಕಾಯಿಲ್. ಕರೆಂಟು ಯಾವಾಗ ಹೋಗ್ತದೋ ಗೊತ್ತಿಲ್ಲ ಅಂತ ಕೊನೆಗೆ ಗ್ಯಾಸ್ ಗೀಸರ್ ತಂದ್ವಿ. ಮನೆ ರಿಪೇರಿ ಮಾಡಿಸಿದ ವರ್ಷ ನಮ್ಮತ್ತೆಯ ಮದುವೇಲಿ ಅವರ ತೌರಿಂದ ಬಂದ ಹಂಡೆ ಮೂಲೇಲಿ ಬಿದ್ದಿತ್ತು. "ಜಾಗ ತಿಂತದೆ ಅತ್ತೆ, ಹಾಕ್ಬಿಡೋಣ" ಅಂದೋಳು ನಾನೇ. ಅತ್ತೆ ಏನೂ ಅನ್ಲಿಲ್ಲ. ಪಾತ್ರೆಯವನು ತೂಕಕ್ಕೆ ಇಟ್ಟಾಗ ಒಂದ್ಸಲ ಬಗ್ಗಿ ಒಳಗೆ ಕೈಯಾಡಿಸಿ, "ತಳ ಶುದ್ಧವಾಗಿದೆ ಕಣಪ್ಪ, ಪ್ರತೀ ವರ್ಷ ಉಜ್ಜಿದೀನಿ" ಅಂದ್ರು. ಅಷ್ಟೇ.

ಎರಡು ವರ್ಷ ಗೀಸರ್ ಸುಖವಾಗಿತ್ತು. ಆಮೇಲೆ ನೀರು ಸಣ್ಣಗೆ ಬರೋದು, ಉರಿ ಪಕ್ಕನೆ ಆರೋದು, ತಲೆಗೆ ಸೀಗೆಕಾಯಿ ಹಾಕ್ಕೊಂಡು ಕೂತಾಗ ತಣ್ಣೀರು! ಸೆಲ್ ಬದಲಾಯಿಸಿದ್ವಿ, ಸಿಲಿಂಡರ್ ಬದಲಾಯಿಸಿದ್ವಿ. ಕೊನೆಗೆ ರಿಪೇರಿ ಹುಡುಗ ಬಿಚ್ಚಿ ತೋರಿಸ್ದ. ಒಳಗೆ ಬೆರಳಗಾತ್ರದ ತಾಮ್ರದ ಕೊಳವೆ ಸುತ್ತಿ ಸುತ್ತಿ ಹೋಗಿರ್ತದೆ. ನಲ್ಲಿ ಬಿಟ್ಟಾಗ ನೀರಿನ ಒತ್ತಡಕ್ಕೇ ಗ್ಯಾಸ್ ತೆರೆದು ಕಿಡಿ ಹತ್ತೋದು. ಕೊಳವೆ ಒಳಗೆ ಹಕ್ಕಳೆ ಕಟ್ಟಿ ನೀರು ಕಮ್ಮಿಯಾದ್ರೆ ಉರಿ ಆರ್ತದೆ. ನಲ್ಲಿ ನೀರು ಬರದ ದಿನ ನಾವು ತೊಟ್ಟಿಗೆ ಬೋರಿನ ನೀರು ಬಿಡ್ತಿದ್ವಲ್ಲ, ಅದರ ಕೆಲಸ ಇದು. ಪರೀಕ್ಷೆ ಮಾಡಿಸಿದ್ವಿ. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೂ ಆಗಬಹುದು ಅಂತ ನಮ್ಮ ದೇಶದ ನಿಯಮ. ನಮ್ಮ ಬೋರಿಂದು ಆ ಎರಡರ ಮಧ್ಯ ಬಂತು.

ಅದೇ ಡಿಸೆಂಬರಲ್ಲಿ ಇನ್ನೊಂದಾಯ್ತು. ಚಳಿ ಅಂತ ಮಗಳು ಬಚ್ಚಲ ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದ್ಳು. ಗೀಸರ್ ಬಚ್ಚಲ ಒಳಗೇ ಇತ್ತು. ಹತ್ತು ನಿಮಿಷ ಆದ್ಮೇಲೆ ಚಿಲಕದ ಸದ್ದು ಕೇಳಿ ಅತ್ತೆ ಓಡಿದ್ರು. ಹುಡುಗಿ ಹೊಸ್ತಿಲಲ್ಲಿ ಬಿದ್ದಿದ್ಳು. ಗಾಳಿಗೆ ತಂದು ಮಲಗಿಸಿ ಆಸ್ಪತ್ರೆಗೆ ಕರ್ಕೊಂಡೋದ್ವಿ, ದೇವರು ದೊಡ್ಡೋನು, ಉಳಿದ್ಳು. ಗಾಳಿ ಸಾಲದೆ ಗ್ಯಾಸ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷ ಬರ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತು ಬಂದು ಕೈಕಾಲು ಸೋಲೋ ತನಕ ಗೊತ್ತೇ ಆಗಲ್ಲ. ರಾತ್ರಿ ಅತ್ತೆ ಹೇಳಿದ್ದು ಇಷ್ಟೇ: "ನಮ್ಮ ಕಾಲದಾಗೆ ಒಲೆ ಬಾಯಿ ಆಚೆ ಇರ್ತಿತ್ತು ಕಣಮ್ಮ."

ಮಾರನೇ ದಿನವೇ ಗೀಸರನ್ನ ಬಚ್ಚಲಿಂದ ಕಿತ್ತು ಹಿತ್ತಿಲ ಕಡೆ ಗೋಡೆಗೆ ಹಾಕಿಸಿದ್ವಿ. ಈಗ ಬಚ್ಚಲಿಗೆ ಬರೋದು ಬಿಸಿನೀರಿನ ಪೈಪು ಮಾತ್ರ. ನಿಮ್ಮ ಮನೇಲಿ ಇನ್ನೂ ಒಳಗಿದ್ರೆ ದಯವಿಟ್ಟು ಇವತ್ತೇ ಆಚೆ ಹಾಕಿಸಿ. ಬಾಡಿಗೆ ಮನೆ ಆದ್ರೆ ಓನರ್ ಹತ್ರ ಜಗಳ ಆಡಿಯಾದ್ರೂ ಹಾಕಿಸಿ. ಉರಿ ನೀಲಿ ಇರ್ಬೇಕು. ಹಳದಿ ಆದ್ರೆ ಆರಿಸಿ ರಿಪೇರಿಯವರನ್ನ ಕರೀರಿ.

ಹಕ್ಕಳೆಗೆ ನಾನು ಮಾಡೋದು ಹೀಗೆ. ನೀರು ಕುದಿಯೋ ಹಂಗೆ ಕಾಯಿಸಿ ತಣ್ಣೀರು ಬೆರೆಸೋ ಅಭ್ಯಾಸ ಬಿಟ್ಟೆ. ಬಿಸಿ ಹೆಚ್ಚಾದಷ್ಟೂ ಹಕ್ಕಳೆ ಹೆಚ್ಚು. ಸ್ನಾನ ಮುಗಿಯೋಕೆ ಒಂದು ನಿಮಿಷ ಮುಂಚೆ ಉರಿ ಸಣ್ಣ ಮಾಡ್ತೀನಿ, ಕೊಳವೇಲಿ ನಿಲ್ಲೋ ನೀರು ಸುಡದೆ ಇರ್ಲಿ ಅಂತ. ನೀರು ಒಳಗೆ ಬರೋ ಕಡೆ ಇರೋ ಜಾಲರಿಯನ್ನ ತಿಂಗಳಿಗೊಂದ್ಸಲ ತೊಳೀತೀನಿ. ವರ್ಷಕ್ಕೊಂದ್ಸಲ ನಿಂಬೆ ಉಪ್ಪು: ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಸೆಲ್ ತೆಗೆದು, ನೀರಿನ ಎರಡೂ ಪೈಪು ಬಿಚ್ಚಿ, ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು ಕದಡಿದ ಬೆಚ್ಚನೆ ನೀರನ್ನ ಕೊಳವೆಯೊಳಗೆ ತುಂಬಿ ಅರ್ಧ ಗಂಟೆ ಬಿಟ್ಟು ತೊಳೆಯೋದು. ನೊರೆ ನೊರೆಯಾಗಿ ಬಿಳೀ ನೀರು ಇಳೀತದೆ. ಮೊದಲ ಸಲ ರಿಪೇರಿಯವರನ್ನ ಕರೆಸಿ ನೋಡಿ ಕಲೀರಿ. ಗ್ಯಾಸಿನ ಪೈಪು ಮಾತ್ರ ನೀವು ಮುಟ್ಟಬೇಡಿ. ಕಕ್ಕಸು ತೊಳೆಯೋ ಆಸಿಡ್ ಹಾಕಿದ್ರೆ ತಾಮ್ರಾನೇ ತಿಂತದೆ. ಉಪ್ಪು ಹಾಕಿ ನಡೆಸೋ ಸಾಫ್ಟ್‌ನರನ್ನೂ ಹಾಕಿಸಬಹುದು, ಕಾಸಿದ್ದೋರಿಗೆ. ನಾನು ಅರಕಲಗೂಡತ್ತೆ ಹಂಗೆ ಶೀಟಿನ ಮಳೆ ನೀರಿಗೆ ಡ್ರಮ್ ಇಟ್ಟಿದೀನಿ. ಬೇಳೆ ಬೇಯ್ತದೆ.

ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಈಗ. ನೀನು ಹೊಳೆ ನೀರಲ್ಲಿ ಬೆಳೆದೋಳು, ಹಕ್ಕಳೆ ಕಂಡೋಳಲ್ಲ, ಹಾಸನದಲ್ಲಿ ಕಾಣ್ತೀಯ. ನೀರು ತುಂಬೋ ಹಬ್ಬದ ದಿನ ಮಧ್ಯಾಹ್ನ ನಿನ್ನ ಗೀಸರಿಗೆ ನಿಂಬೆ ಉಪ್ಪು ಕುಡಿಸು. ತೊಳೆದ ಮೇಲೆ ಅದಕ್ಕೊಂದು ಕುಂಕುಮ ಇಡು, ಹೊಸ ನೀರು ತುಂಬಿದ ತಾಮ್ರದ ಚೆಂಬಿಗೆ ಸುಣ್ಣ ಕೆಮ್ಮಣ್ಣು ಬಳಿದು ಪಕ್ಕದಲ್ಲಿಡು. ನಮ್ಮ ಮನೇಲಿ ಐದು ವರ್ಷದಿಂದ ಹಿಂಗೇ ನಡೀತಿದೆ. ನಿಂಬೆ ಉಪ್ಪು ಕದಡಿ ಕೊಡೋರು ನಮ್ಮತ್ತೆ. ಇಳಿಯೋ ಬಿಳೀ ನೀರು ನೋಡೋವರೆಗೂ ಅವರು ಹಿತ್ತಿಲಿಂದ ಏಳೋದಿಲ್ಲ.